ಗ್ಯಾಸ್ ಕರಗುವ ತನಕ ಘಟ್ಟದ ಕೆಳಗೆ

ನನ್ನ ಬಲಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಒಳಗೆ ಬೆಳಕು ಹಿಡಿಯುವ ತೆಳು ಪದರ, ಹರಿದದ್ದು ಅಡಿಕೆ ಸುಲಿಯುವ ಕಾಲದಲ್ಲಿ. ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಆ ದಿನಗಳು ಹೇಗಿರುತ್ತವೆ ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಹಗಲೆಲ್ಲ ಅಡಿಕೆ ಕೊನೆ ಇಳಿಸುವವರ ಊಟ ತಿಂಡಿ, ಸಂಜೆಯಾದರೆ ಮೆಟ್ಟುಗತ್ತಿಯ ಮುಂದೆ ಕೂರುವುದು, ನಡುನಡುವೆ ಎದ್ದು ಅಡಿಕೆ ಬೇಯುವ ಹಂಡೆಯ ಬೆಂಕಿ ನೋಡುವುದು. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಕಣ್ಣು ಹೊರಳಿಸಿದಾಗಲೆಲ್ಲ ಬಲಗಡೆಯ ಅಂಚಿನಲ್ಲಿ ಬೆಳಕಿನ ಗೆರೆಯೊಂದು ಛಕ್ಕನೆ ಹೊಡೆದು ಹೋಗುತ್ತಿತ್ತು. ಹೊರಗೆ ಮಳೆಯೂ ಇಲ್ಲ, ಮಿಂಚೂ ಇಲ್ಲ. ಬೆಳಿಗ್ಗೆ ಅಂಗಳಕ್ಕೆ ಬಂದರೆ ಬಿಸಿಲಿನ ಎದುರು ಕರಿ ಚುಕ್ಕೆಗಳು, ಎಳೆ ಎಳೆಯಾದ ಕಪ್ಪು ದಾರಗಳು ತೇಲುತ್ತಿದ್ದವು. ಕಣ್ಣು ತಿರುಗಿದ ಕಡೆಗೆಲ್ಲ ಅವೂ ಬರುತ್ತಿದ್ದವು.

ಆ ಸಂಜೆ ಸುಲಿಯಲು ಕೂತಾಗ ಎಡಗಣ್ಣಿಗೆ ಅಡಿಕೆ ಸಿಪ್ಪೆಯ ಪುಡಿ ಬಿತ್ತು. ಎಡಗಣ್ಣು ಮುಚ್ಚಿ ಉಜ್ಜಿಕೊಳ್ಳುವಾಗ ಬಲಗಣ್ಣೊಂದೇ ತೆರೆದಿತ್ತು. ಮೆಟ್ಟುಗತ್ತಿಯ ಮೇಲ್ತುದಿ ಕಾಣುತ್ತಿತ್ತು, ಬುಡ ಕಾಣಲಿಲ್ಲ. ಬಲಗೈ ಕಾಣುತ್ತಿತ್ತು, ಅಡಿಕೆ ಹಿಡಿದಿದ್ದ ಎಡಗೈ ಇರಲಿಲ್ಲ. ಕೆಳಗೆ, ಮೂಗಿನ ಕಡೆಯ ಮೂಲೆಯಲ್ಲಿ ಬೂದುಬಣ್ಣದ ಪರದೆಯೊಂದು ಎದ್ದು ನಿಂತಿತ್ತು. ಎರಡೂ ಕಣ್ಣು ಬಿಟ್ಟರೆ ಎಲ್ಲವೂ ಇದ್ದ ಹಾಗೇ ಕಾಣುತ್ತಿತ್ತು. ಮೂಗಿನ ಕಡೆಯ ನೋಟವನ್ನು ಎರಡು ಕಣ್ಣುಗಳೂ ಹಂಚಿಕೊಂಡಿರುತ್ತವೆ. ಒಂದರಲ್ಲಿ ಅದು ಅಳಿಸಿಹೋದರೆ ಇನ್ನೊಂದು ತುಂಬಿಕೊಡುತ್ತದೆ, ಮನುಷ್ಯರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ನನ್ನಂತೆ ದಪ್ಪ ಮೈನಸ್ ಕನ್ನಡಕದವರು ಆಗಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಬೇಕು ಎನ್ನುವುದನ್ನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ನೋವು ಒಂದಿಷ್ಟೂ ಇರಲಿಲ್ಲ. ಕೆಂಪಾಗಿರಲಿಲ್ಲ, ನೀರು ಸುರಿಯಲಿಲ್ಲ. ನೋವಿಲ್ಲದ್ದಕ್ಕೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ನಾನು ಹೆದರಿದ್ದಕ್ಕೆ ಅಪ್ಪಯ್ಯ ಕಾರಣ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪಯ್ಯನ ಎಡಗಣ್ಣಿಗೆ ಹೀಗೇ ಪರದೆ ಇಳಿದಿತ್ತು. ಅವರಿಗೂ ದಪ್ಪ ಕನ್ನಡಕ. ಮನೆಯಲ್ಲಿ ಎಲ್ಲರೂ ಪೊರೆ ಬಂದಿದೆ ಎಂದರು. ಆಗ ಕಣ್ಣಿನ ತೊಂದರೆ ಎಂದರೆ ಪೊರೆ, ಪೊರೆ ಎಂದರೆ ಶಿಬಿರ. ಡಾ. ಎಂ.ಸಿ. ಮೋದಿಯವರಂಥವರು ಊರೂರಿಗೆ ಬಂದು, ಶಾಲೆ ಛತ್ರಗಳಲ್ಲಿ ಸಾಲಾಗಿ ಮಲಗಿಸಿ ಪೊರೆ ತೆಗೆದು ಲೆಕ್ಕವಿಲ್ಲದಷ್ಟು ಜನರಿಗೆ ಕಣ್ಣು ಕೊಟ್ಟಿದ್ದ ಕಾಲ. ಆ ಪುಣ್ಯದ ಕೆಲಸ ನಮ್ಮ ಹಳ್ಳಿಗಳಿಗೆ ಧೈರ್ಯ ಕೊಟ್ಟಿತು. ಜೊತೆಗೆ ಕಾಯುವುದನ್ನೂ ಕಲಿಸಿತು. ಪೊರೆ ಬಲಿಯಲಿ, ಶಿಬಿರ ಬರಲಿ, ಕೊಯ್ಲು ಮುಗಿಯಲಿ ಎಂದು ಜನ ಕಾಯುತ್ತಿದ್ದರು, ಕಾದರೂ ಪೊರೆ ಸಾಮಾನ್ಯವಾಗಿ ನಷ್ಟ ಮಾಡುತ್ತಿರಲಿಲ್ಲ. ಅಪ್ಪಯ್ಯನೂ ಕಾದರು. ಶಿಬಿರದಲ್ಲಿ ಟಾರ್ಚ್ ಹಾಕಿ ನೋಡಿದ ಡಾಕ್ಟರು, "ಇದು ಪೊರೆ ಅಲ್ಲ ಗೌಡ್ರೇ, ಒಳಗಿನ ಪರದೆ ಬಿದ್ದುಹೋಗಿದೆ. ತಡ ಆಗಿದೆ" ಎಂದರಂತೆ. ಅಪ್ಪಯ್ಯ ಬದುಕಿದ್ದಷ್ಟು ಕಾಲ ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಬೆಚ್ಚುತ್ತಿದ್ದರು. ತೋಟದ ಸಂಕ ದಾಟುವಾಗ ಎಡಗೈ ಮುಂದೆ ಚಾಚಿ ನಡೆಯುತ್ತಿದ್ದರು.

ಕತ್ತಿ ಬಿಟ್ಟು ಎದ್ದು ಇವರನ್ನು ಕರೆದೆ. "ಈಗಲೇ ಪೇಟೆಗೆ ಹೋಗ್ಬೇಕು" ಎಂದೆ. ನನ್ನ ದನಿ ಕೇಳಿ ಇವರು ಏನೂ ಕೇಳದೆ ಜೀಪು ತೆಗೆದರು.

ತೀರ್ಥಹಳ್ಳಿಯ ಕಣ್ಣಿನ ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಎಳೆಯುವ ಹೊತ್ತಿಗೆ ನಾವು ಹೋಗಿ ನಿಂತೆವು. ಪಾಪೆ ಹಿಗ್ಗಲು ಔಷಧಿ ಬಿಟ್ಟು, ಅರ್ಧ ಗಂಟೆ ಕೂರಿಸಿ, ತಲೆಗೆ ದೀಪ ಕಟ್ಟಿಕೊಂಡು ಮಸೂರ ಹಿಡಿದು ನೋಡಿದರು. ನೋಡಿದವರು ಕುರ್ಚಿಯಲ್ಲಿ ಕೂರಲೂ ಇಲ್ಲ. "ರೆಟಿನಾ ಕಳಚ್ತಾ ಇದೆ. ಆದ್ರೆ ನಡುಭಾಗ ಇನ್ನೂ ಅಂಟಿಕೊಂಡಿದೆ, ಅದು ಪುಣ್ಯ. ಶಿವಮೊಗ್ಗಕ್ಕಾದ್ರೂ ಹೋಗಿ, ಘಟ್ಟದ ಕೆಳಗಾದ್ರೂ ಹೋಗಿ, ನಾಳೆ ಬೆಳಿಗ್ಗೆ ರೆಟಿನಾ ಆಪರೇಷನ್ ಮಾಡುವವರ ಎದುರಿಗೆ ಇರಿ. ನಾಡಿದ್ದು ಅನ್ನಬೇಡಿ." ದಾರಿಯಲ್ಲಿ ಬಲಮಗ್ಗುಲಾಗಿ, ದಿಂಬಿಲ್ಲದೆ ಮಲಗಿರಬೇಕು ಎಂದೂ ಹೇಳಿದರು. ಹರಿದ ಜಾಗ ಕೆಳಗಾಗುವ ಹಾಗೆ ಮಲಗಿದರೆ ನೀರು ನಡುಭಾಗಕ್ಕೆ ಹರಿಯುವುದು ತಡವಾಗುತ್ತದಂತೆ.

ನನ್ನ ತಂಗಿ ಇರುವುದು ಉಡುಪಿಯಲ್ಲಿ. ಆಪರೇಷನ್ ಆದ ಮೇಲೆ ನೋಡಿಕೊಳ್ಳಲು ಜನ ಬೇಕು. ಹಾಗಾಗಿ ಘಟ್ಟ ಇಳಿಯುವುದೆಂದು ಆ ರಸ್ತೆಯಲ್ಲೇ ತೀರ್ಮಾನವಾಯಿತು. ಆ ತೀರ್ಮಾನದ ಹಿಂದೆ ಏನೆಲ್ಲ ಬರುತ್ತದೆ ಎನ್ನುವುದು ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ರಾತ್ರಿಯೇ ಆಗುಂಬೆ ಇಳಿದೆವು. ಹಿಂದಿನ ಸೀಟಿನಲ್ಲಿ ಬಲಮಗ್ಗುಲಾಗಿ ಮಲಗಿದ್ದ ನನಗೆ ತಿರುವುಗಳು ಹೊಟ್ಟೆಗೆ ಮಾತ್ರ ಗೊತ್ತಾಗುತ್ತಿದ್ದವು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಮೊದಲು ಅಕ್ಷರದ ಬೋರ್ಡು, ಕಣ್ಣಿನ ಒತ್ತಡ, ಮತ್ತೆ ಹನಿ ಔಷಧಿ. ಕಣ್ಣಿನ ಉದ್ದವನ್ನೂ ಅಳೆದರು. ಸಾಮಾನ್ಯ ಕಣ್ಣು 24 ಮಿಲಿಮೀಟರ್ ಆಸುಪಾಸು ಇರುತ್ತದಂತೆ, ನನ್ನದು 27 ದಾಟಿತ್ತು. ದೊಡ್ಡ ಮೈನಸ್ ಪವರ್ ಎಂದರೆ ಉದ್ದನೆಯ ಕಣ್ಣು. ಉದ್ದವಾದಂತೆ ಒಳಗಿನ ಪದರ ಎಳೆದು ತೆಳುವಾಗುತ್ತದೆ, ಅಂಚಿನಲ್ಲಿ ಅಲ್ಲಲ್ಲಿ ಸವೆಯುತ್ತದೆ.

ನಾನು ಮರೆಯಲಾಗದ್ದು ಆಮೇಲಿನ ಪರೀಕ್ಷೆ. ಮಂಚದ ಮೇಲೆ ಅಂಗಾತ ಮಲಗಿಸಿದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಕುಂದಾಪುರ ಕಡೆಯ ಮಾತು. ತಲೆಯ ಮೇಲಿನ ದೀಪ ನೇರ ಕಣ್ಣೊಳಗೆ ಇಳಿಯಿತು. ಒಂದು ಕೈಯಲ್ಲಿ ಮಸೂರ. ಇನ್ನೊಂದು ಕೈಬೆರಳಿಗೆ ಸಣ್ಣ ಲೋಹದ ಕಡ್ಡಿ ಸಿಕ್ಕಿಸಿಕೊಂಡು, ರೆಪ್ಪೆಯ ಮೇಲಿಂದ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತುತ್ತಾ ಹೋದರು. "ಮೇಲೆ ನೋಡಿ... ಬಲಕ್ಕೆ ಮೇಲೆ... ಇನ್ನೂ ಸ್ವಲ್ಪ... ಹಾಂ, ಹಾಗೇ ಇರಿ." ಕಣ್ಣಿನ ತೀರ ಅಂಚು ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಹೊರಗಿನಿಂದ ಒತ್ತಿ ಒಳಗೆ ಉಬ್ಬಿಸಿದರೆ ಮಾತ್ರ ಅಲ್ಲಿರುವ ಹರಕು ಸಿಗುತ್ತದೆ. ನೋವಲ್ಲ, ಆದರೆ ಹಲ್ಲು ಕಚ್ಚಿಕೊಳ್ಳುವಂಥ ಒತ್ತಡ. ನಡುನಡುವೆ ಅವರು ಪಕ್ಕದ ಮೇಜಿಗೆ ತಿರುಗಿ ಒಂದು ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆಯುತ್ತಿದ್ದರು.

ಮುಗಿದ ಮೇಲೆ ಆ ಹಾಳೆಯನ್ನು ನನ್ನ ಎಡಗಣ್ಣಿನ ಎದುರು ಹಿಡಿದರು. ಎರಡು ವೃತ್ತ, ಗಡಿಯಾರದಂತೆ ಗುರುತು. ಎಡಗಣ್ಣಿನ ವೃತ್ತದಲ್ಲಿ ಪೂರ್ತಿ ಕೆಂಪು. ಬಲಗಣ್ಣಿನ ವೃತ್ತದಲ್ಲಿ ಕೆಳಗೆಲ್ಲ ಕೆಂಪು, ಮೇಲೆ ಕಿವಿಯ ಕಡೆಗೆ ನೀಲಿ. ಅಂಟಿಕೊಂಡ ರೆಟಿನಾ ಕೆಂಪು, ಕಳಚಿದ್ದು ನೀಲಿ. ನೀಲಿಯೊಳಗೆ ಹತ್ತು ಗಂಟೆಯ ಹತ್ತಿರ ಒಂದು, ಹನ್ನೊಂದರ ಹತ್ತಿರ ಒಂದು, ಕುದುರೆ ಲಾಳದ ಆಕಾರದ ಎರಡು ಹರಕುಗಳು. ನೀಲಿಯ ಅಂಚು ವೃತ್ತದ ನಡುಬಿಂದುವಿಗೆ ಬಹಳ ಹತ್ತಿರ ಬಂದು ನಿಂತಿತ್ತು. ನನಗೆ ಪರದೆ ಕೆಳಗೆ ಕಾಣುತ್ತಿದೆ, ಚಿತ್ರದಲ್ಲಿ ಮೇಲೆ ಇದೆಯಲ್ಲ ಎಂದು ಕೇಳಿದೆ. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಮೇಲಿನ ರೆಟಿನಾ ಕಳಚಿದರೆ ಕೆಳಗಿನ ನೋಟ ಹೋಗುತ್ತದೆ ಎಂದರು. "ಮೇಲಿನದು ಕಳಚಿದ್ರೆ ನೀರು ಕೆಳಗೆ ಇಳೀತದೆ ಅಮ್ಮ, ಬೇಗ ಹರಡ್ತದೆ. ಅದಕ್ಕೇ ಗಡಿಬಿಡಿ."

ಹೇಗೆ ಹರಿಯಿತು ಎನ್ನುವುದನ್ನು ಅವರೇ ಬಿಡಿಸಿ ಹೇಳಿದರು. ಕಣ್ಣಿನ ಒಳಗೆಲ್ಲ ಲೋಳೆಯಂಥ ತಿಳಿ ವಸ್ತು ತುಂಬಿರುತ್ತದೆ. ವಯಸ್ಸಾದಂತೆ ಅದು ನೀರಾಗಿ, ಕುಗ್ಗಿ, ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಎಲ್ಲರಿಗೂ ಆಗುವಂಥದ್ದೇ. ಆದರೆ ಎಲ್ಲೋ ಒಂದು ಕಡೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಬಿಡುವಾಗ ಪದರವನ್ನೇ ಹರಿಯುತ್ತದೆ. ರಾತ್ರಿ ನಾನು ಕಂಡ ಮಿಂಚು ಆ ಎಳೆತ. ಕರಿ ಚುಕ್ಕೆಗಳು ಹರಿದಾಗ ಒಸರಿದ ರಕ್ತದ ಹನಿ. ಆ ಹಂತದಲ್ಲಿ, ನೀರು ಒಳಗೆ ಹೋಗುವ ಮೊದಲು, ಹರಕಿನ ಸುತ್ತ ಲೇಸರ್ ಹೊಡೆದರೆ ಕೂತಲ್ಲೇ ಮುಗಿಯುತ್ತದೆ. ಹರಕಿನಿಂದ ನೀರು ನುಗ್ಗಿತೆಂದರೆ, ಮಳೆಗಾಲದಲ್ಲಿ ಸೋರುವ ಗೋಡೆಯ ಸುಣ್ಣದ ಪದರ ಉಬ್ಬಿ ಏಳುವ ಹಾಗೆ ರೆಟಿನಾ ಏಳುತ್ತಾ ಹೋಗುತ್ತದೆ. ರೆಟಿನಾದ ಬೆಳಕು ಹಿಡಿಯುವ ಕಣಗಳಿಗೆ ಆಹಾರ ಬರುವುದು ಅದರ ಹಿಂದಿನ ರಕ್ತನಾಳದ ಪದರದಿಂದ. ಬಿಟ್ಟುಕೊಂಡರೆ ಅವು ಹಸಿದು ಸಾಯುತ್ತವೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲ ನಡುವಿನ ಮ್ಯಾಕುಲಾ ಎಂಬ ಚಿಕ್ಕ ಜಾಗದ ಕೆಲಸ. ಅದು ಕಳಚುವ ಮೊದಲು ಆಪರೇಷನ್ ಆದರೆ ನೋಟ ಹೆಚ್ಚುಕಮ್ಮಿ ಉಳಿಯುತ್ತದೆ. ಕಳಚಿದ ಮೇಲೆ ಅಂಟಿಸಿದರೂ ಗೆರೆಗಳು ಸೊಟ್ಟಗೆ ಕಾಣುವುದು, ಅಕ್ಷರ ಮಸುಕಾಗುವುದು ಉಳಿದುಬಿಡಬಹುದು. ಸ್ಕ್ಯಾನಿನ ಕಪ್ಪುಬಿಳಿ ಚಿತ್ರದಲ್ಲಿ ನನ್ನ ಮ್ಯಾಕುಲಾ ಇನ್ನೂ ಚಪ್ಪಟೆಯಾಗಿ ಕೂತಿದ್ದು ಕಂಡಿತು. ಡಾಕ್ಟರು ಅಲ್ಲಿಂದಲೇ ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದರು.

ವಿಟ್ರೆಕ್ಟಮಿ ಮಾಡುವುದು ಎಂದಾಯಿತು. ಕಣ್ಣಿನ ಒಳಗಿನ ಲೋಳೆ ತೆಗೆದು, ನೀರು ಹೀರಿ, ಹರಕಿಗೆ ಲೇಸರ್ ಹೊಡೆದು, ಅದು ಗಾಯ ಮಾಯ್ದು ಹಿಡಿದುಕೊಳ್ಳುವ ತನಕ ಒಳಗಿನಿಂದ ಒತ್ತಿ ಹಿಡಿಯಲು ಗ್ಯಾಸ್ ತುಂಬುವುದು. ಒಂದೇ ಆಪರೇಷನ್‌ನಲ್ಲಿ ಸರಿಯಾಗುವುದು ನೂರರಲ್ಲಿ 85ರಿಂದ 90 ಮಂದಿಗೆ. ಉಳಿದವರಿಗೆ ಒಳಗೆ ಕಲೆಗಟ್ಟಿ ಮತ್ತೆ ಎಳೆಯಬಹುದು, ಇನ್ನೊಮ್ಮೆ ಮಾಡಬೇಕಾದೀತು. ಆಮೇಲೆ ಒಂದೆರಡು ವರ್ಷದಲ್ಲಿ ಈ ಕಣ್ಣಿಗೆ ಪೊರೆ ಬರುವುದು ಹೆಚ್ಚುಕಡಿಮೆ ಖಚಿತ. ಇದನ್ನೆಲ್ಲ ಮುಚ್ಚಿಡದೆ ಹೇಳಿದರು. ಸಹಿ ಹಾಕಲು ಪೆನ್ನು ತಗೊಂಡಾಗ ಅವರು ಫೈಲು ನೋಡುತ್ತಾ ಕೇಳಿದರು, "ನಿಮ್ಮ ಮನೆ ತೀರ್ಥಹಳ್ಳಿಯಾ? ಘಟ್ಟದ ಮೇಲೆ?"

ಹೌದು ಎಂದೆ.

ಅವರು ಪೆನ್ನು ಕೆಳಗಿಡಲು ಹೇಳಿದರು. ಇವರನ್ನೂ ತಂಗಿಯನ್ನೂ ಒಳಗೆ ಕರೆಸಿದರು.

ಉಡುಪಿ ಸಮುದ್ರದ ಮಟ್ಟ. ಆಗುಂಬೆ ಆರುನೂರು ಮೀಟರ್‌ಗೂ ಮೇಲೆ. ಅಷ್ಟು ಏರಿದರೆ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಇಳಿಯುತ್ತದೆ. ಹೊರಗಿನ ಒತ್ತಡ ಇಳಿದರೆ ಮುಚ್ಚಿದ ಜಾಗದಲ್ಲಿರುವ ಗ್ಯಾಸ್ ಹಿಗ್ಗಲು ನೋಡುತ್ತದೆ. ಕಣ್ಣುಗುಡ್ಡೆ ಹಿಗ್ಗುವ ವಸ್ತುವಲ್ಲ. ಕಣ್ಣಿನ ಸಹಜ ಒತ್ತಡ ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್ ಒಳಗೆ; ಅದು ಏಕಾಏಕಿ ಏರಿದರೆ ಕಣ್ಣಿನ ನರಕ್ಕೂ ರೆಟಿನಾಕ್ಕೂ ರಕ್ತ ಹೋಗುವುದೇ ನಿಲ್ಲಬಹುದು. ಸೋಮೇಶ್ವರದಿಂದ ಆಗುಂಬೆಗೆ ಅರ್ಧ ಗಂಟೆಯ ಏರು, ಒಳಗಿನ ದ್ರವ ಹೊರಹೋಗಿ ಹೊಂದಿಕೊಳ್ಳಲು ಆ ಹೊತ್ತು ಸಾಲುವುದಿಲ್ಲ. "ಗ್ಯಾಸ್ ಹಾಕಿದ್ರೆ ಅದು ಪೂರ್ತಿ ಕರಗುವ ತನಕ ನೀವು ಘಟ್ಟ ಹತ್ತುವ ಹಾಗಿಲ್ಲ. ಆರರಿಂದ ಎಂಟು ವಾರ. ಇಲ್ಲೇ ಕೆಳಗೆ ಇರ್ಲಿಕ್ಕೆ ಆಗ್ತದಾ? ಆಗದಿದ್ರೆ ಗ್ಯಾಸ್ ಬದಲು ಸಿಲಿಕಾನ್ ಎಣ್ಣೆ ಹಾಕುವ. ಎಣ್ಣೆ ಹಿಗ್ಗುದಿಲ್ಲ, ನಾಳೆಯೇ ಮನೆಗೆ ಹೋಗಬಹುದು. ಆದ್ರೆ ಅದನ್ನು ತೆಗೀಲಿಕ್ಕೆ ಇನ್ನೊಂದು ಆಪರೇಷನ್."

ಇದೇ ಆಪರೇಷನ್ ಶಿವಮೊಗ್ಗದಲ್ಲಿ ಆಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ ಎನ್ನುವುದೂ ಆ ಮಾತಿನಲ್ಲೇ ತಿಳಿಯಿತು. ಶಿವಮೊಗ್ಗ ಮತ್ತು ತೀರ್ಥಹಳ್ಳಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಅಲ್ಲಿ ತುಂಬಿದ ಗ್ಯಾಸ್ ಗಾಜನೂರು, ಮಂಡಗದ್ದೆ ದಾರಿಯಲ್ಲಿ ಹಿಗ್ಗುವುದಿಲ್ಲ. ನಮ್ಮ ಕಡೆಯವರಿಗೆ ಕಣ್ಣಿಗೆ, ಹೃದಯಕ್ಕೆ, ಎಲ್ಲಕ್ಕೂ ಘಟ್ಟ ಇಳಿಯುವುದು ರೂಢಿ. ರೆಟಿನಾದ ವಿಷಯ ಬಂದಾಗ ಎಲ್ಲಿ ಮಾಡಿಸಿಕೊಳ್ಳುತ್ತೇವೆ, ಆಮೇಲೆ ಎಲ್ಲಿ ಉಳಿಯುತ್ತೇವೆ ಎಂಬ ಎರಡನ್ನೂ ಒಟ್ಟಿಗೆ ಯೋಚಿಸಬೇಕು.

ಇವರು ಸುಮ್ಮನಾದರು. ತೋಟದಲ್ಲಿ ಇನ್ನೂ ಅರ್ಧಕ್ಕರ್ಧ ಕೊನೆ ಮರದ ಮೇಲಿತ್ತು. ತಂಗಿಯೇ ಮಾತು ಮುಗಿಸಿದಳು. "ಅಕ್ಕ ನಮ್ಮನೇಲಿ ಇರ್ತಾಳೆ. ಭಾವ, ನೀವು ಅಡಿಕೆ ನೋಡ್ಕಳಿ."

ಆಪರೇಷನ್ ಮಧ್ಯಾಹ್ನ ಆಯಿತು. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಕಣ್ಣಿನ ಪಕ್ಕಕ್ಕೆ ಒಂದು ಇಂಜೆಕ್ಷನ್. ಅದು ಕೊಡುವಾಗ ಭಾರವಾದ ಒತ್ತಡ, ಆಮೇಲೆ ಆ ಅರ್ಧ ಮುಖವೇ ನನ್ನದಲ್ಲ. ಮುಖದ ಮೇಲೆ ಹಸಿರು ಬಟ್ಟೆ ಹಾಸಿದರು, ಉಸಿರಿಗೆ ಗಾಳಿಯ ಕೊಳವೆ ಬಿಟ್ಟರು. ಕಣ್ಣಿನ ಬಿಳಿಭಾಗದಲ್ಲಿ, ಕರಿಗುಡ್ಡೆಯ ಅಂಚಿನಿಂದ ನಾಲ್ಕು ಮಿಲಿಮೀಟರ್ ಆಚೆ, ಅರ್ಧ ಮಿಲಿಮೀಟರ್ ದಪ್ಪದ ಮೂರು ರಂಧ್ರ. ಒಂದರಿಂದ ದ್ರವ, ಒಂದರಿಂದ ದೀಪ, ಒಂದರಿಂದ ಕತ್ತರಿಸುವ ಸೂಜಿ. ಆ ಸೂಜಿ ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುತ್ತದೆ; ನಿಧಾನವಾಗಿ ಕತ್ತರಿಸಿದರೆ ಲೋಳೆಯ ಜೊತೆ ರೆಟಿನಾವನ್ನೂ ಎಳೆದುಬಿಡುತ್ತದೆ. ನೋವಿರಲಿಲ್ಲ. ಆದರೆ ಕಾಣುತ್ತಿತ್ತು! ಯಾರೂ ಮೊದಲೇ ಹೇಳದಿದ್ದರೆ ಹೆದರಿಕೆಯಾಗುವ ನೋಟ ಅದು. ಕಣ್ಣೊಳಗೇ ಹೊಳೆಯುವ ಬೆಳಕು, ಅದರ ಎದುರು ಓಡಾಡುವ ಸಪೂರ ಕರಿ ನೆರಳು, ನೇರಳೆ ಹಸಿರು ಬಣ್ಣಗಳ ಕಲಕು. ನನ್ನ ಕೈ ಹಿಡಿದು ಕೂತಿದ್ದ ನರ್ಸ್, "ಕಾಣ್ತದಾ? ಕಾಣಲಿ ಬಿಡಿ. ತಲೆ ಮಾತ್ರ ಅಲ್ಲಾಡಿಸಬೇಡಿ" ಎಂದರು. ಕೆಮ್ಮು ಬಂದರೆ ಬೆರಳು ಒತ್ತಿ ತಿಳಿಸಬೇಕು ಎಂದು ನಮ್ಮಿಬ್ಬರೊಳಗೆ ಒಪ್ಪಂದವಾಗಿತ್ತು.

ಕೊನೆಯಲ್ಲಿ ಗ್ಯಾಸ್ ಸಿದ್ಧ ಮಾಡುವಾಗ ಇಬ್ಬರು ಜೋರಾಗಿ ಲೆಕ್ಕ ಹೇಳಿಕೊಂಡರು. ಐವತ್ತು ಎಂ.ಎಲ್. ಸಿರಿಂಜು, ಏಳು ಎಂ.ಎಲ್. ಗ್ಯಾಸ್, ಉಳಿದದ್ದು ಸೋಸಿದ ಗಾಳಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮತ್ತೆ ಹೇಳಿದರು. ಪರ್ಫ್ಲೋರೋಪ್ರೊಪೇನ್ ಎಂಬ ಆ ಗ್ಯಾಸ್ ನೂರಕ್ಕೆ ಹದಿನಾಲ್ಕರಷ್ಟಿದ್ದರೆ ಇದ್ದಷ್ಟೇ ಇರುತ್ತದೆ. ಪ್ರಮಾಣ ಹೆಚ್ಚಾದರೆ ಕಣ್ಣೊಳಗೆ ತಾನೇ ಉಬ್ಬುತ್ತದೆ. ಬಟ್ಟೆಯ ಅಡಿಯಲ್ಲಿ ಮಲಗಿ ಆ ಎರಡು ದನಿಗಳನ್ನು ಕೇಳಿದಾಗ ನನಗೆ ಬಂದಷ್ಟು ಧೈರ್ಯ ಬೇರೆ ಯಾವ ಮಾತಿನಿಂದಲೂ ಬರಲಿಲ್ಲ.

ಹೊರಗೆ ಕರೆತರುವ ಮೊದಲು ಮುಂಗೈಗೆ ಹಸಿರು ಪಟ್ಟಿ ಕಟ್ಟಿದರು. ಕಣ್ಣಲ್ಲಿ ಗ್ಯಾಸ್ ಇದೆ, ವಿಮಾನ ಬೇಡ, ಎತ್ತರಕ್ಕೆ ಹೋಗುವುದು ಬೇಡ, ನೈಟ್ರಸ್ ಆಕ್ಸೈಡ್ ಕೊಡಬೇಡಿ ಎಂದು ಅದರಲ್ಲಿ ಬರೆದಿತ್ತು. ಎಲ್ಲಾದರೂ ಬಿದ್ದು ಕಾಲು ಮುರಿದು ಬೇರೆ ಆಸ್ಪತ್ರೆಗೆ ಹೋದರೆ, ಅರಿವಳಿಕೆ ಕೊಡುವವರಿಗೆ ತಿಳಿಯಬೇಕಲ್ಲ. ಅರಿವಳಿಕೆಗೆ ಬಳಸುವ ಆ ನೈಟ್ರಸ್ ಆಕ್ಸೈಡ್ ಕಣ್ಣಿನ ಗ್ಯಾಸ್ ಗುಳ್ಳೆಯೊಳಗೆ ಸೇರಿ ಅದನ್ನು ಹಿಗ್ಗಿಸುತ್ತದಂತೆ.

ಮೊದಲ ದಿನ ಬೋರಲು, ಆಮೇಲೆ ಎಡಮಗ್ಗುಲು. ಗ್ಯಾಸ್ ಹಗುರ, ಯಾವಾಗಲೂ ಮೇಲಕ್ಕೇ ಏರುತ್ತದೆ. ಎಡಕ್ಕೆ ಮಲಗಿದರೆ ಬಲಗಣ್ಣಿನ ಕಿವಿಯ ಕಡೆಯ ಹರಕಿನ ಮೇಲೆ ಹೋಗಿ ಒತ್ತುತ್ತದೆ. ಅಂಗಾತ ಮಲಗುವುದು ಮಾತ್ರ ಯಾವಾಗಲೂ ಕೂಡದು. ತಂಗಿಯ ಮನೆಯಲ್ಲಿ ಮಂಚದ ತುದಿಗೆ ಎರಡು ದಿಂಬು ಜೋಡಿಸಿ, ನಡುವೆ ಮುಖ ಇಡಲು ಜಾಗ ಬಿಟ್ಟಳು. ಬೋರಲು ಮಲಗಿದವರಿಗೆ ಕುತ್ತಿಗೆಗಿಂತ ಹೆಚ್ಚು ನೋಯುವುದು ಹಣೆ ಮತ್ತು ಮೊಣಕೈ. ಹಳೇ ಕಾಟನ್ ಸೀರೆ ಮಡಿಸಿ ಮೊಣಕೈ ಕೆಳಗೆ ಇಟ್ಟುಕೊಂಡರೆ ಬಹಳ ಉಪಕಾರ. ಊಟವೂ ತಲೆ ತಗ್ಗಿಸಿಯೇ. ಗಂಜಿ ಕುಡಿಯಲು ಸ್ಟ್ರಾ. ತಲೆಸ್ನಾನ ಇಲ್ಲ. ಹನಿ ಔಷಧಿಗಳು ಮೂರು ಥರ, ಹೊತ್ತು ಹೊತ್ತಿಗೆ, ತಂಗಿಯ ಮಗಳು ಮೊಬೈಲಿನಲ್ಲಿ ಅಲಾರಂ ಇಟ್ಟು ಬಿಡುತ್ತಿದ್ದಳು.

ಅವಳೇ ಒಂದು ಸಂಜೆ ಈ ಕಾಯಿಲೆಯ ಚರಿತ್ರೆ ಹುಡುಕಿ ಓದಿ ಹೇಳಿದಳು. ನೂರು ವರ್ಷದ ಹಿಂದೆ ರೆಟಿನಾ ಕಳಚಿದವರಿಗೆ ಹಾಸಿಗೆಯಲ್ಲಿ ಅಲುಗಾಡದೆ ಮಲಗಿಸುವುದು ಬಿಟ್ಟರೆ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ, ಬಹುತೇಕ ಎಲ್ಲರ ಕಣ್ಣೂ ಹೋಗುತ್ತಿತ್ತು. ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಜೂಲ್ ಗೊನಾಂ ಎಂಬ ಡಾಕ್ಟರು ಹರಕೇ ಮೂಲ, ಹರಕು ಮುಚ್ಚಿದರೆ ಕಣ್ಣು ಉಳಿಯುತ್ತದೆ ಎಂದು ಹಟ ಹಿಡಿದು, 1920ರ ದಶಕದಲ್ಲಿ ಕಾದ ಸೂಜಿಯಿಂದ ಹರಕನ್ನು ಸುಟ್ಟು ಮುಚ್ಚಿ ತೋರಿಸಿದರು. ನನಗೆ ಮಾಡಿದಂಥ ವಿಟ್ರೆಕ್ಟಮಿಯನ್ನು ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಖೆಮರ್ ಶುರುಮಾಡಿದ್ದು 1970ರ ಸುಮಾರಿಗೆ. ಅಂದರೆ ಅಪ್ಪಯ್ಯನ ಕಣ್ಣು ಕಳಚಿದಾಗ ಪ್ರಪಂಚದಲ್ಲಿ ಇದಕ್ಕೆ ದಾರಿ ಇತ್ತು. ನಮ್ಮ ಮನೆಯ ಅಂಗಳದ ತನಕ ಆ ಸುದ್ದಿ ಬಂದಿರಲಿಲ್ಲ, ಅಷ್ಟೇ. ಇದನ್ನು ಕೇಳಿ ಬೋರಲು ಮಲಗಿದಲ್ಲೇ ಅತ್ತೆ. ಅಳಬಾರದು ದೊಡ್ಡಮ್ಮ, ಕಣ್ಣಿಗೆ ಆಗಲ್ಲ ಎಂದು ಹುಡುಗಿ ಗಾಬರಿಯಾದಳು.

ಮೊದಮೊದಲು ಬಲಗಣ್ಣಿಗೆ ಬೆಳಕು ಮತ್ತು ಅಲ್ಲಾಡುವ ಕೈ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಗ್ಯಾಸಿನ ಮೂಲಕ ನೋಡುವುದೆಂದರೆ ಅಷ್ಟೇ. ಆಮೇಲೊಂದು ಬೆಳಿಗ್ಗೆ ನೋಟದ ಮೇಲ್ತುದಿಯಲ್ಲಿ ಸಣ್ಣ ಗೆರೆಯೊಂದು ಕಂಡಿತು. ಗೆರೆಯ ಮೇಲೆ ಸ್ಪಷ್ಟ, ಕೆಳಗೆ ಮಬ್ಬು. ತಲೆ ಆಡಿಸಿದರೆ ಗೆರೆಯೂ ತುಳುಕುತ್ತಿತ್ತು. ಕಣ್ಣು ತನ್ನ ನೀರನ್ನು ತಾನೇ ತುಂಬಿಕೊಳ್ಳುತ್ತಾ ಬಂದಂತೆ ಗ್ಯಾಸ್ ಕರಗುತ್ತದೆ. ಗೆರೆ ಕೆಳಕೆಳಗೆ ಇಳಿಯುತ್ತದೆ. ತಂಗಿಯ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಮೊದಲು ಅದರ ದೇವರ ಚಿತ್ರ ಕಂಡಿತು, ಆಮೇಲೆ ತಿಂಗಳ ಹೆಸರು, ಆಮೇಲೆ ತಾರೀಕಿನ ಸಾಲುಗಳು ಒಂದೊಂದಾಗಿ. ಅವುಗಳ ಗೆರೆಗಳು ನೇರವಾಗಿಯೇ ಇದ್ದವು. ಮ್ಯಾಕುಲಾ ಉಳಿದಿದೆ ಎನ್ನುವುದಕ್ಕೆ ನನಗೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಅಷ್ಟರಲ್ಲಿ ಊರಿನಿಂದ ಫೋನುಗಳು. ಎಳ್ಳಮಾವಾಸ್ಯೆ ಜಾತ್ರೆ ಬಂತು, ಒಂದು ದಿನಕ್ಕಾದರೂ ಬಂದು ಹೋಗು ಎಂದು ವಾರಗಿತ್ತಿ. ಮಲಗಿಕೊಂಡು ಬಂದರೆ ಏನಾಗುತ್ತದೆ, ಎರಡೂವರೆ ಗಂಟೆ ದಾರಿ ಎಂದು ಇನ್ನೊಬ್ಬರು. ಮಲಗಿದರೂ ಕೂತರೂ ಎತ್ತರ ಎತ್ತರವೇ. ಪಿಯುಸಿ ಓದುವ ನಮ್ಮ ಮಗ, ಕ್ಲಾಸಿನಲ್ಲಿ ಕಲಿತ ಬಾಯ್ಲನ ನಿಯಮ ಹಿಡಿದು ಎಲ್ಲರಿಗೂ ತಿಳಿಸಿ ಹೇಳುವ ಕೆಲಸ ವಹಿಸಿಕೊಂಡ. ನನ್ನೊಳಗೂ ಆಸೆ ಇರಲಿಲ್ಲವೆಂದಲ್ಲ. ರಾಮೇಶ್ವರನ ತೇರು ತಪ್ಪಿಸಿಕೊಂಡದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಆ ಆಸೆ ಪೂರ್ತಿ ಅಡಗಿದ್ದು ಒಂದು ಮಂಗಳವಾರ, ತಪಾಸಣೆಗೆಂದು ಹೋಗಿ ಕೂತಿದ್ದಾಗ. ಪಕ್ಕದಲ್ಲಿ ಕೊಪ್ಪದ ಕಡೆಯ ಒಬ್ಬ ಹಿರಿಯರಿದ್ದರು. ಅವರಿಗೆ ಬೇರೆ ಕಡೆ ಗ್ಯಾಸ್ ಹಾಕಿದ್ದರು, ವಿಮಾನ ಹತ್ತಬೇಡಿ ಎಂದಷ್ಟೇ ಹೇಳಿದ್ದರಂತೆ. "ನಾವು ವಿಮಾನ ಎಲ್ಲಿ ಹತ್ತೋದು ತಾಯಿ? ಸರಿ ಅಂತ ಕಾರಲ್ಲಿ ಹೊರಟ್ವಿ. ಘಟ್ಟದ ಅರ್ಧ ಹತ್ತಿರಬಹುದು, ಕಣ್ಣು ಒಳಗಿಂದ ಹೊರಗೆ ನೂಕಿದ ಹಾಗೆ ನೋವು. ವಾಂತಿ. ಕಂಡಿದ್ದಷ್ಟು ಬೆಳಕೂ ಕಪ್ಪಾಯ್ತು." ಅವರ ಅಳಿಯ ಆಸ್ಪತ್ರೆಗೆ ಫೋನ್ ಮಾಡಿ ಅಲ್ಲೇ ಕಾರು ತಿರುಗಿಸಿದ್ದರಿಂದ ಉಳಿದರು. ಇಳಿಯುತ್ತಾ ಬಂದಂತೆ ನೋವು ಕಡಿಮೆಯಾಯಿತಂತೆ. ವಿಮಾನ ಬೇಡ ಎನ್ನುವ ಮಾತು ಬಯಲುಸೀಮೆಗೂ ಪೇಟೆಗೂ ಸಾಕು. ಮಲೆನಾಡಿನವರಿಗೆ ಘಟ್ಟದ ಹೆಸರು ಹಿಡಿದೇ ಹೇಳಬೇಕು: ಆಗುಂಬೆ, ಹುಲಿಕಲ್, ಕುದುರೆಮುಖ, ಕೊಲ್ಲೂರಿನಿಂದ ಮೇಲೆ ಬರುವ ರಸ್ತೆ. ಡಾಕ್ಟರು ಕೇಳದಿದ್ದರೆ ನಾವೇ ಹೇಳಬೇಕು, ನಮ್ಮ ಮನೆ ಮೇಲಿದೆ ಎಂದು.

ಕೊನೆಗೆ ಗೆರೆ ಕರಿ ಅಂಚಿನ ಗುಂಡಗಿನ ಗುಳ್ಳೆಯಾಯಿತು, ಗುಳ್ಳೆ ಬಟಾಣಿಯಷ್ಟಾಗಿ ನೋಟದ ತಳದಲ್ಲಿ ಓಡಾಡಿ, ಒಂದು ದಿನ ಇಲ್ಲವಾಯಿತು. ನನಗೆ ಕಾಣದಿದ್ದರೆ ಸಾಲದು, ಡಾಕ್ಟರು ನೋಡಿ ಹೇಳಬೇಕು ಎಂದು ಮತ್ತೆ ಅದೇ ಮಂಚದ ಮೇಲೆ ಮಲಗಿದೆ. ಅದೇ ದೀಪ, ಅದೇ ಕಡ್ಡಿ. ಹೊಸ ಹಾಳೆಯಲ್ಲಿ ಬಲಗಣ್ಣಿನ ವೃತ್ತವೂ ಪೂರ್ತಿ ಕೆಂಪಾಗಿತ್ತು. ಹತ್ತು ಹನ್ನೊಂದು ಗಂಟೆಯ ಹತ್ತಿರ 'ಲೇಸರ್ ಕಲೆ' ಎಂದು ಬರೆದು ಚುಕ್ಕೆ ಹಾಕಿದ್ದರು. ಎಡಗಣ್ಣಿನ ಅಂಚಿನಲ್ಲಿ ಸವೆದ ಜಾಗವೊಂದರಲ್ಲಿ ಸಣ್ಣ ತೂತು ಸಿಕ್ಕಿತು. ಒಂದು ಕಣ್ಣು ಹೀಗಾದವರ ಇನ್ನೊಂದರಲ್ಲಿ ಅಪಾಯ ಕಾಯುವುದು ಬೇಡ ಎಂದು ಅಲ್ಲೇ ಕೂರಿಸಿ ಸುತ್ತ ಲೇಸರ್ ಹೊಡೆದರು. ಹಸಿರು ಮಿಂಚು, ಮೊಳೆ ತಾಗಿದಂಥ ಸಣ್ಣ ಚುರುಕು, ಹತ್ತೇ ನಿಮಿಷ. ಹಸಿರು ಪಟ್ಟಿ ಕತ್ತರಿಸಿ ತೆಗೆದ ಮೇಲೆ ಇವರು ಜೀಪು ತಂದರು. ಘಟ್ಟ ಹತ್ತುವಾಗ ಭಯಕ್ಕೆ ಬಲಗಣ್ಣಿನ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ಏನೂ ಆಗಲಿಲ್ಲ.

ಖರ್ಚಿನ ವಿವರಕ್ಕೆ ಇಲ್ಲಿ ಹೋಗುವುದಿಲ್ಲ, ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಆಯುಷ್ಮಾನ್, ಯಶಸ್ವಿನಿ ಕಾರ್ಡ್ ಇದ್ದವರು ಆಪರೇಷನ್‌ಗೆ ಮೊದಲೇ ಕೌಂಟರಿನಲ್ಲಿ ತೋರಿಸಿ ವಿಚಾರಿಸಬೇಕು, ಆದ ಮೇಲೆ ವಿಚಾರಿಸಿದರೆ ಪ್ರಯೋಜನವಿಲ್ಲ.

ನಮ್ಮ ಮಗಳಿಗೂ ಮೈನಸ್ ಆರು ಇದೆ. ಸಂಕ್ರಾಂತಿ ಕಳೆದ ಮೇಲೆ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ, ಪಾಪೆ ಹಿಗ್ಗಿಸಿ ಅಂಚಿನ ತನಕ ನೋಡಿಸಿದೆ. ಕನ್ನಡಕದ ಅಂಗಡಿಯಲ್ಲಿ ಪವರ್ ಮಾತ್ರ ನೋಡುತ್ತಾರೆ, ಇದನ್ನು ನೋಡುವುದಿಲ್ಲ. ಅವಳ ಎರಡೂ ಕಣ್ಣಲ್ಲಿ ಸವೆದ ಜಾಗಗಳಿವೆ, ತೂತಿಲ್ಲ. ಈಗ ಲೇಸರ್ ಬೇಕಿಲ್ಲ, ವರ್ಷಕ್ಕೊಮ್ಮೆ ಬನ್ನಿ. ಮಿಂಚು, ಒಮ್ಮೆಗೇ ಬಂದ ಕರಿ ಚುಕ್ಕೆ, ಪರದೆ ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಬನ್ನಿ ಎಂದರು. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮೂರನ್ನೂ ಮೊಬೈಲಿನಲ್ಲಿ ಬರೆದುಕೊಂಡಿದ್ದಾಳೆ.

ಡಾಕ್ಟರು ಹೇಳಿದ್ದ ಹಾಗೆ ನನ್ನ ಬಲಗಣ್ಣಿಗೆ ಈಗ ಪೊರೆ ಬರುತ್ತಿದೆ. ರಾತ್ರಿ ಎದುರಿನ ವಾಹನದ ದೀಪ ಒಡೆದು ಕಾಣುತ್ತದೆ, ಕನ್ನಡಕದ ನಂಬರ್ ಬದಲಾಗುತ್ತಲೇ ಇದೆ. ಇದಕ್ಕೆ ಗಡಿಬಿಡಿಯಿಲ್ಲ. ವಿಟ್ರೆಕ್ಟಮಿ ಆದ ಕಣ್ಣಿನಲ್ಲಿ ಮಸೂರಕ್ಕೆ ಹಿಂದಿನಿಂದ ಲೋಳೆಯ ಆಸರೆ ಇರುವುದಿಲ್ಲ, ಹಾಗಾಗಿ ಪೊರೆ ತೆಗೆಯುವವರಿಗೆ ಹಳೆಯ ಆಪರೇಷನ್ ಚೀಟಿ ತೋರಿಸಲೇಬೇಕು ಎಂದಿದ್ದಾರೆ. ಅದನ್ನೂ ಆ ಎರಡು ಬಣ್ಣದ ಹಾಳೆಗಳನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೇನೆ. ಈ ಸಲದ ಕೊಯ್ಲು ಮುಗಿದ ಮೇಲೆ ಶಿವಮೊಗ್ಗದಲ್ಲೇ ಮಾಡಿಸಿಕೊಳ್ಳುವುದೆಂದು ದಿನ ಗೊತ್ತು ಮಾಡಿಕೊಂಡು ಬಂದಿದ್ದೇವೆ.